ಪ್ರೊಫೆಸರ್ ಬಾಷಂ ಮತ್ತು ಹಿಂದಿನ ಬೆಂಚಿನ ಪ್ರಶ್ನೆ

1990ರಲ್ಲಿ ನಾನು ಅಂತಿಮ ಬಿ.ಎ. ಓದುತ್ತಿದ್ದಾಗ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕದ ಒಂದೇ ಪ್ರತಿ ಇತ್ತು. ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕುಳಿತು ಓದಬೇಕು. ಕೋಲಾರದ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನನಗೆ ಮಧ್ಯಾಹ್ನದ ಬಿಡುವಿನ ಮುಕ್ಕಾಲು ಗಂಟೆಯೇ ಗತಿ. ಬುತ್ತಿಯನ್ನು ಐದು ನಿಮಿಷದಲ್ಲಿ ಮುಗಿಸಿ, ಒಂದು ಕೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು, ಇನ್ನೊಂದು ಕೈಯಲ್ಲಿ ಎ.ಎಲ್. ಬಾಷಂ ಅವರ 'ದ ವಂಡರ್ ದಟ್ ವಾಸ್ ಇಂಡಿಯಾ' ಹಿಡಿದು ಕೂರುತ್ತಿದ್ದೆ. ದಿನಕ್ಕೆ ಎರಡು ಪುಟ ಸಾಗಿದರೆ ಹೆಚ್ಚು. ಆದರೂ ಆ ಎರಡು ಪುಟದ ಸುಖ ಸಂಜೆ ಬಸ್ಸಿನ ನೂಕುನುಗ್ಗಲಿನಲ್ಲೂ ನನ್ನ ಜೊತೆಗಿರುತ್ತಿತ್ತು.

ನಮ್ಮ ಪಠ್ಯಪುಸ್ತಕಗಳಲ್ಲಿ ಇತಿಹಾಸವೆಂದರೆ ರಾಜ, ಅವನ ಮಗ, ಅವನ ಯುದ್ಧ, ಇಸವಿ. ಬಾಷಂ ಹಾಗಲ್ಲ. ರಾಜವಂಶಗಳ ಕಥೆಯನ್ನು ಒಂದೇ ಅಧ್ಯಾಯದಲ್ಲಿ ಮುಗಿಸಿಬಿಡುತ್ತಾರೆ. ಆಮೇಲೆ ರಾಜ್ಯಾಡಳಿತ, ಸಮಾಜ, ಊರು-ಪಟ್ಟಣಗಳ ದಿನಚರಿ, ಧರ್ಮ, ಕಲೆ, ಭಾಷೆ, ಸಾಹಿತ್ಯ. ಜನ ಏನು ಉಣ್ಣುತ್ತಿದ್ದರು, ಏನು ಉಡುತ್ತಿದ್ದರು, ಯಾವ ಆಟ ಆಡುತ್ತಿದ್ದರು ಎಂಬುದೂ ಇತಿಹಾಸವೇ ಎಂದು ನನಗೆ ಮೊದಲು ತಿಳಿದದ್ದು ಅಲ್ಲಿ. ಕೊನೆಯ ಅನುಬಂಧಗಳಲ್ಲಿ ಪಂಚಾಂಗ, ಗಣಿತ, ತೂಕ-ಅಳತೆ, ನಾಣ್ಯ, ಛಂದಸ್ಸು, ಕಡೆಗೆ ಯೂರೋಪಿನ ಜಿಪ್ಸಿಗಳ ಬಗ್ಗೆಯೂ ಟಿಪ್ಪಣಿ. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಗೊತ್ತಿರುವುದು ಸಾಧ್ಯವೇ ಎಂದು ಬೆರಗಾಗುತ್ತಿದ್ದೆ. ನಾನು ಆ ಪುಸ್ತಕ ಕೈಗೆತ್ತಿಕೊಳ್ಳುವ ಹೊತ್ತಿಗೆ ಆ ಮನುಷ್ಯ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಆರ್ಥರ್ ಲೆವೆಲಿನ್ ಬಾಷಂ ಹುಟ್ಟಿದ್ದು 1914ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ. ತಂದೆ ಪತ್ರಕರ್ತರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಸೇನೆಗೆ ಸೇರಿ ಸಿಮ್ಲಾ ಬಳಿಯ ಕಸೌಲಿಯಲ್ಲಿದ್ದವರು. ಹುಡುಗನ ಕಿವಿಗೆ ಭಾರತ ಮೊದಲು ಬಿದ್ದದ್ದು ಅಪ್ಪನ ಕಥೆಗಳಾಗಿ. ಯೌವನದಲ್ಲಿ ಕವಿತೆ ಬರೆದರು, ಒಂದು ಕಾದಂಬರಿಯನ್ನೂ ಪ್ರಕಟಿಸಿದರು. ಆಮೇಲೆ ಲಂಡನ್ನಿನ ಪ್ರಾಚ್ಯ ಮತ್ತು ಆಫ್ರಿಕನ್ ಅಧ್ಯಯನ ಸಂಸ್ಥೆಯಲ್ಲಿ ಸಂಸ್ಕೃತ ಹಿಡಿದರು. ಯುದ್ಧದ ವರ್ಷಗಳನ್ನು ನಾಗರಿಕ ರಕ್ಷಣೆಯ ಕೆಲಸದಲ್ಲಿ ಕಳೆದು ಮತ್ತೆ ಸಂಶೋಧನೆಗೆ ಮರಳಿದರು. ಅಲ್ಲಿ ಅವರಿಗೆ ಹಿರಿಯರಾಗಿ ಸಿಕ್ಕವರು ಎಲ್.ಡಿ. ಬಾರ್ನೆಟ್. ಕನ್ನಡಿಗರಾದ ನಾವು ಈ ಹೆಸರನ್ನು ಮರೆಯಬಾರದು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಕನ್ನಡ ಪುಸ್ತಕಗಳ ಪಟ್ಟಿಯನ್ನು 1910ರಲ್ಲಿ ಸಿದ್ಧಪಡಿಸಿದವರು, ನಮ್ಮ ಧಾರವಾಡ ಸೀಮೆಯ ಎಷ್ಟೋ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿದವರು ಅವರೇ.

ಬಾಷಂ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು, 1958ರಲ್ಲಿ ಪ್ರಾಧ್ಯಾಪಕರಾದರು. 1965ರಲ್ಲಿ ಲಂಡನ್ ಬಿಟ್ಟು ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋಗಿ, ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಏಷ್ಯಾದ ನಾಗರಿಕತೆಗಳ ವಿಭಾಗ ನಡೆಸಿದರು. 1979ರಲ್ಲಿ ನಿವೃತ್ತಿಯಾಯಿತು. ಆಮೇಲೂ ಕಾಲು ನಿಲ್ಲಲಿಲ್ಲ. ಅಮೆರಿಕದಲ್ಲಿ ಊರೂರಿಗೆ ಹೋಗಿ ಹಿಂದೂ ಧರ್ಮದ ಹುಟ್ಟು ಬೆಳವಣಿಗೆಯ ಬಗ್ಗೆ ಉಪನ್ಯಾಸ ಕೊಟ್ಟರು. ಅವು 1989ರಲ್ಲಿ ಪುಸ್ತಕವಾದವು. ಕೊನೆಗೆ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಸ್ವಾಮಿ ವಿವೇಕಾನಂದರ ಹೆಸರಿನ ಪೀಠದಲ್ಲಿದ್ದಾಗ, 1986ರ ಜನವರಿಯಲ್ಲಿ, ಅದೇ ಊರಿನಲ್ಲಿ ಕಣ್ಣುಮುಚ್ಚಿದರು. ಅಪ್ಪನ ಬಾಯಲ್ಲಿ ಕೇಳಿದ ದೇಶ ಮಗನ ಕೊನೆಯ ಊರಾಯಿತು.

ಜೀವನದಲ್ಲಿ ಒಟ್ಟು ನಾಲ್ಕು ಜಿಲ್ಲೆ ಬಿಟ್ಟು ಹೊರಗೆ ಹೋಗದ ನನಗೆ ಇಷ್ಟು ದೇಶ ಸುತ್ತಿದ ಪ್ರೊಫೆಸರರ ಬಗ್ಗೆ ಬರೆಯುವ ಅರ್ಹತೆ ಏನು ಎಂದು ಓದುಗರು ಕೇಳಬಹುದು. ಅವರ ಪುಸ್ತಕ ನನ್ನ ತರಗತಿಗೆ ಬಂದು ಒಮ್ಮೆ ಸಿಕ್ಕಿಹಾಕಿಕೊಂಡಿತು, ನನ್ನನ್ನೂ ಸಿಕ್ಕಿಸಿತು. ಅದನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಬಿ.ಎಡ್. ಮುಗಿಸಿ ನಾನು ಮೇಷ್ಟರ ಕೆಲಸಕ್ಕೆ ಸೇರಿದ ಮೇಲೆ ಬಾಷಂ ನನ್ನ ಬತ್ತಳಿಕೆಯ ಬಾಣವಾದರು. ಪ್ರಾಚೀನ ಭಾರತದ ಪಾಠ ಬಂದಾಗಲೆಲ್ಲ ಅವರ ಒಂದು ಅಭಿಪ್ರಾಯವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಪ್ರಾಚೀನ ಜಗತ್ತಿನಲ್ಲಿ ಮನುಷ್ಯ ಮನುಷ್ಯನ ನಡುವಣ, ಪ್ರಜೆ ಪ್ರಭುತ್ವದ ನಡುವಣ ಸಂಬಂಧ ಭಾರತದಲ್ಲಿದ್ದಷ್ಟು ನ್ಯಾಯವಾಗಿ, ಮಾನವೀಯವಾಗಿ ಬೇರೆಲ್ಲೂ ಇರಲಿಲ್ಲ, ಗುಲಾಮರು ಇಷ್ಟು ಕಡಿಮೆ ಇದ್ದ ನಾಡು ಇನ್ನೊಂದಿರಲಿಲ್ಲ ಎಂಬುದು ಅದರ ತಾತ್ಪರ್ಯ. ಇಂಗ್ಲಿಷರವನೇ ಹೀಗೆ ಹೇಳಿದ್ದಾನೆ ನೋಡಿ ಎಂದು ಕೊನೆಯಲ್ಲಿ ಸೇರಿಸುವಾಗ ನನ್ನ ದನಿ ಸ್ವಲ್ಪ ಏರುತ್ತಿತ್ತು. ಮಕ್ಕಳ ಬೆನ್ನು ನೆಟ್ಟಗಾಗುತ್ತಿತ್ತು.

ಸುಮಾರು ಇಪ್ಪತ್ತು ವರ್ಷದ ಹಿಂದೆ, ಎಂಟನೆಯ ತರಗತಿಯಲ್ಲಿ ಹೀಗೇ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಊರಾಚೆಯ ಕೇರಿಯವಳು. ಮಾತು ಕಡಿಮೆ, ಅಕ್ಷರ ಮಾತ್ರ ಮುತ್ತಿನಂತೆ.

"ಮಿಸ್, ಆಗ ನಮ್ಮ ಕೇರಿ ಎಲ್ಲಿತ್ತು?"

ಒಂದಿಬ್ಬರು ನಕ್ಕರು. ನಾನು ನಗಲಿಲ್ಲ, ಆದರೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. "ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಕೂತ್ಕೊಳಮ್ಮ" ಎಂದೆ. ಅವಳು ಕೂತಳು. ಗಂಟೆ ಹೊಡೆಯಿತು.

ಆ ರಾತ್ರಿ ಮನೆಯಲ್ಲಿದ್ದ ಪ್ರತಿಯನ್ನು ತೆರೆದು ಕುಳಿತೆ. ಆ ಹೊತ್ತಿಗೆ 1967ರ ಪರಿಷ್ಕೃತ ಆವೃತ್ತಿಯ ಒಂದು ಹಳೆಯ ಪ್ರತಿ ನನ್ನದೇ ಆಗಿತ್ತು. ನಾನು ಹದಿನೈದು ವರ್ಷದಿಂದ ಹೇಳುತ್ತ ಬಂದ ಮಾತು ಅಲ್ಲಿತ್ತು. ಆದರೆ ಅದರ ಸುತ್ತಮುತ್ತ ಇದ್ದುದನ್ನು ನಾನು ಕಂಡೂ ಕಾಣದಂತೆ ದಾಟಿಬಿಟ್ಟಿದ್ದೆ. ಊರಿನ ಹೊರಗೆ ಇರಬೇಕಾದ ಚಂಡಾಲರು, ಪಟ್ಟಣದೊಳಗೆ ಬರುವಾಗ ಮರದ ತುಂಡು ಬಡಿದು ತಮ್ಮ ಬರವನ್ನು ಸಾರಬೇಕಿದ್ದವರು, ಅವರ ನೆರಳಿಗೂ ಅಂಜುತ್ತಿದ್ದ ಮೇಲಿನವರು, ಎಲ್ಲವನ್ನೂ ಬಾಷಂ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಚೀನಾದ ಯಾತ್ರಿಕ ಫಾಹಿಯಾನ್ ಕಂಡು ಬರೆದದ್ದಕ್ಕೂ ಅಲ್ಲಿ ಜಾಗವಿದೆ. ಕೇರಿ ಎಲ್ಲಿತ್ತು ಎಂಬ ಪ್ರಶ್ನೆಗೆ ಪುಸ್ತಕದಲ್ಲೇ ಉತ್ತರವಿತ್ತು. ಇದ್ದಲ್ಲೇ ಇತ್ತು, ಊರಾಚೆ. ಹೆಮ್ಮೆಗೆ ಬೇಕಾದಷ್ಟನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟವಳು ನಾನು.

ಹಾಗೆಂದು ಎಲ್ಲ ತಪ್ಪನ್ನೂ ನನ್ನ ತಲೆಗೇ ಕಟ್ಟಿಕೊಳ್ಳಲಾರೆ. ಬಾಷಂ ಅವರ ಬರವಣಿಗೆಯಲ್ಲೇ ಒಂದು ದೋಷವಿದೆ. ಅವರು ವಿವರಗಳನ್ನು ಕೊಡುವಾಗ ಪ್ರಾಮಾಣಿಕರು, ಮೊತ್ತ ಹಾಕುವಾಗ ಉದಾರಿ. ಲೆಕ್ಕದ ಸಾಲುಗಳಲ್ಲಿ ಸಾಲ ಕಾಣುತ್ತದೆ, ಕೊನೆಯ ಗೆರೆಯ ಕೆಳಗೆ ಬರೀ ಲಾಭ. ಪ್ರಾಚೀನ ಭಾರತದ ಯುದ್ಧಗಳಲ್ಲಿ ಪಟ್ಟಣಗಳನ್ನು ಸೂರೆಮಾಡಿ ನಿರಪರಾಧಿಗಳನ್ನು ಕೊಂದ ಕಥೆಗಳು ಕೆಲವೇ ಎಂದು ಅವರು ಹೇಳುವಾಗ ಓದುಗರು ನಿಲ್ಲಬೇಕು. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಅಶೋಕನೇ ಕಲ್ಲಿನಲ್ಲಿ ಬರೆಸಿದ್ದಾನಲ್ಲ. ನಮ್ಮ ನಾಡಿನ ಹೊಟ್ಟೂರು ಶಾಸನ, 1007ನೆಯ ಇಸವಿಯದು, ಚೋಳರ ಸೇನೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದಿತೆಂದು ಗೋಳಾಡುತ್ತದೆ. ಅದು ಚಾಳುಕ್ಯರ ಕಡೆಯ ಮಾತು, ವೈರಿಯ ಮೇಲಿನ ದೂರು, ಒಂದಿಷ್ಟು ಕಳೆದೇ ಓದಬೇಕು. ಆದರೂ ದೂರೇ ಇರಲಿಲ್ಲ ಎನ್ನುವಂತಿಲ್ಲ.

ಇನ್ನು ಪುಸ್ತಕದ ಹೆಸರು. ಪ್ರಕಾಶಕರು ಅದಕ್ಕೂ ಮೊದಲು ಗ್ರೀಸಿನ ಬಗ್ಗೆ 'ದ ಗ್ಲೋರಿ ದಟ್ ವಾಸ್ ಗ್ರೀಸ್', ರೋಮಿನ ಬಗ್ಗೆ 'ದ ಗ್ರ್ಯಾಂಜರ್ ದಟ್ ವಾಸ್ ರೋಮ್' ಹೊರತಂದಿದ್ದರು. 1954ರಲ್ಲಿ ಭಾರತ ಅದೇ ಸಾಲಿಗೆ ಸೇರಿತು, ಅದೇ ಅಚ್ಚಿನ ಹೆಸರು ಪಡೆಯಿತು. ಗ್ರೀಸು ರೋಮುಗಳಿಗೆ 'ಇತ್ತು' ಎಂಬ ಕ್ರಿಯಾಪದ ಒಪ್ಪಬಹುದು. ಭಾರತದ ಪರಂಪರೆ ಕಡಿಯದೆ ಇಂದಿನವರೆಗೆ ನಡೆದುಬಂದಿದೆ ಎಂದು ಬಾಷಂ ಅವರೇ ಪೀಠಿಕೆಯಲ್ಲಿ ಹೇಳುತ್ತಾರೆ. ಒಳಗಿನ ಮಾತು 'ಇದೆ' ಎನ್ನುತ್ತದೆ, ರಟ್ಟು 'ಇತ್ತು' ಎನ್ನುತ್ತದೆ.

ಉಪಶೀರ್ಷಿಕೆ ಇನ್ನೂ ಒಂದು ಹೆಜ್ಜೆ ಮುಂದೆ. ಮುಸ್ಲಿಮರು ಬರುವುದಕ್ಕೆ ಮೊದಲಿನ ಸಂಸ್ಕೃತಿಯ ಸಮೀಕ್ಷೆ ಎಂದು ಅದರ ಗಡಿ. ಒಂದು ಪುಸ್ತಕಕ್ಕೆ ಒಂದು ಗಡಿ ಬೇಕು, ನಿಜ. ಆದರೆ ಕೋಲಾರದಂಥ ಊರಿನಲ್ಲಿ ಪಾಠ ಹೇಳುವವಳಿಗೆ ಆ ಗಡಿ ಚುಚ್ಚುತ್ತದೆ. ಇಲ್ಲಿ ಕೋಲಾರಮ್ಮನ ಗುಡಿಯಲ್ಲಿ ಚೋಳರ ಶಾಸನಗಳಿವೆ, ಅದೇ ಊರಿನಲ್ಲಿ ಹೈದರಾಲಿಯ ಮನೆತನದವರ ಗೋರಿಗಳಿರುವ ಮಕ್ಬರಾ ಇದೆ. ಎರಡನ್ನೂ ನೋಡಿಕೊಂಡು ಶಾಲೆಗೆ ಬರುವ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ, ಅಚ್ಚರಿ ನಿಮ್ಮವರು ಬರುವುದಕ್ಕೆ ಮುಂಚೆ ಮುಗಿಯಿತು ಎಂದು ಹೇಳಲಾದೀತೆ? ಎಸ್.ಎ.ಎ. ರಿಜ್ವಿ ಅವರು ಅದೇ ಹೆಸರಿನಲ್ಲಿ 1200ರಿಂದ 1700ರವರೆಗಿನ ಎರಡನೆಯ ಭಾಗ ಬರೆದು 1987ರಲ್ಲಿ ಹೊರತಂದರು. ಅವರೂ ಕ್ಯಾನ್‌ಬೆರಾದಲ್ಲಿ ಬಾಷಂ ಜೊತೆಗಿದ್ದ ಪ್ರಾಧ್ಯಾಪಕರು. ಆದರೆ ನಮ್ಮ ಗ್ರಂಥಾಲಯಗಳ ಕಪಾಟಿನಲ್ಲಿ ಮೊದಲನೆಯ ಭಾಗ ಬೆನ್ನು ಸವೆದು ನಿಂತಿರುತ್ತದೆ, ಎರಡನೆಯದು ಎಷ್ಟೋ ಕಡೆ ಇರುವುದೇ ಇಲ್ಲ.

ಕನ್ನಡದವಳಾಗಿ ನನ್ನದೂ ಒಂದು ದೂರಿದೆ. ಸಾಹಿತ್ಯದ ಅಧ್ಯಾಯದಲ್ಲಿ ಸಂಸ್ಕೃತ, ಪ್ರಾಕೃತಗಳಿಗೆ ವಿಸ್ತಾರವಾದ ಜಾಗ, ತಮಿಳಿನ ಸಂಗಂ ಕವಿತೆಗಳಿಗೆ ಪ್ರೀತಿಯ ಅನುವಾದ. ಪಂಪನ ನಾಡಿಗೆ ಸಿಕ್ಕಿದ್ದು ಅತ್ಯಲ್ಪ. ಬಾರ್ನೆಟ್ಟರ ಶಿಷ್ಯರಿಂದ ಇದಕ್ಕಿಂತ ಹೆಚ್ಚು ಬಯಸಿದರೆ ತಪ್ಪೇನು?

ಇಷ್ಟು ಹೇಳಿ ನಿಲ್ಲಿಸಿದರೆ ಬಾಷಂ ಅವರಿಗೆ ಅನ್ಯಾಯವಾಗುತ್ತದೆ. ಆ ಹುಡುಗಿಯ ಪ್ರಶ್ನೆಯ ಬೆನ್ನುಹತ್ತಿ ಹೋದಾಗ ನನಗೆ ಅವರ ಇನ್ನೊಂದು ಪುಸ್ತಕ ಸಿಕ್ಕಿತು. ಬೆಂಗಳೂರಿನಲ್ಲಿ ಬೇಸಿಗೆ ರಜೆಯ ತರಬೇತಿಗೆ ಹೋದಾಗ ಸಂಜೆ ಹೊತ್ತು ಕುಳಿತು ಓದಿದೆ. ಅದು ಅವರ ಪಿಎಚ್.ಡಿ. ಪ್ರಬಂಧ, 1951ರಲ್ಲಿ ಬಾರ್ನೆಟ್ಟರ ಮುನ್ನುಡಿಯೊಂದಿಗೆ ಬಂದ ಆಜೀವಿಕರ ಇತಿಹಾಸ. ನನ್ನ ಮಟ್ಟಿಗೆ ಬಾಷಂ ಅವರ ಶ್ರೇಷ್ಠ ಕೃತಿ ಅದೇ.

ಆಜೀವಿಕರು ಬುದ್ಧ ಮಹಾವೀರರ ಕಾಲದ ಒಂದು ಪಂಥ. ಗುರು ಮಖ್ಖಲಿ ಗೋಸಾಲ. ಎಲ್ಲವೂ ನಿಯತಿ, ಮನುಷ್ಯಪ್ರಯತ್ನದಿಂದ ಏನೂ ಆಗದು ಎಂಬುದು ಅವನ ತತ್ತ್ವ. ಎಸೆದ ನೂಲಿನ ಉಂಡೆ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತ ಹೋಗುವಂತೆ, ಜಾಣನೂ ದಡ್ಡನೂ ಎಂಬತ್ತನಾಲ್ಕು ಲಕ್ಷ ಮಹಾಕಲ್ಪಗಳನ್ನು ಸವೆಸಿಯೇ ಬಿಡುಗಡೆ ಹೊಂದಬೇಕು. ಈ ಪಂಥದ ಸ್ವಂತ ಗ್ರಂಥ ಒಂದೂ ಉಳಿದಿಲ್ಲ. ಉಳಿದಿರುವುದೆಲ್ಲ ಅವರ ವಿರೋಧಿಗಳು ಬರೆದಿಟ್ಟದ್ದು. ಬೌದ್ಧರು ಗೋಸಾಲನನ್ನು ಕಂಡಕಂಡಲ್ಲಿ ಹೀಗಳೆಯುತ್ತಾರೆ. ಜೈನರ ಭಗವತೀ ಸೂತ್ರದ ಪ್ರಕಾರ ಅವನು ಮಹಾವೀರನ ಜೊತೆ ಆರು ವರ್ಷವಿದ್ದು ಜಗಳವಾಡಿ ಹೊರಟವನು, ಶ್ರಾವಸ್ತಿಯಲ್ಲಿ ಹಾಲಾಹಲಾ ಎಂಬ ಕುಂಬಾರ ಹೆಂಗಸಿನ ಕೆಲಸದ ಮನೆಯಲ್ಲಿ ಸನ್ನಿ ಹಿಡಿದು ಸತ್ತವನು. ಬಾಷಂ ಈ ಬೈಗುಳಗಳನ್ನೇ ಸೋಸಿದರು. ಎರಡು ಕಡೆಯ ವಿರೋಧಿಗಳೂ ಒಪ್ಪುವ ಮಾತು ಯಾವುದು, ಬೈಯುವ ಭರದಲ್ಲಿ ಬಾಯ್ತಪ್ಪಿ ಬಂದ ನಿಜ ಯಾವುದು ಎಂದು ತೂಗಿ ನೋಡಿದರು. ಊರಿನ ದೊಡ್ಡ ಮನೆಗಳಲ್ಲಲ್ಲ, ಒಬ್ಬ ಕುಂಬಾರತಿಯ ತಿಗರಿಯ ಪಕ್ಕದಲ್ಲಿ ಒಂದು ಧರ್ಮದ ಕೇಂದ್ರವಿತ್ತು ಎಂಬುದು ಹೀಗೆ ಹೊರಬಂತು.

ಗಯಾ ಬಳಿಯ ಬರಾಬರ್ ಬೆಟ್ಟದಲ್ಲಿ ಕನ್ನಡಿಯಂತೆ ನುಣುಪು ಮಾಡಿದ ಗುಹೆಗಳಿವೆ. ಅಶೋಕ ತನ್ನ ಪಟ್ಟಾಭಿಷೇಕದ ಹನ್ನೆರಡನೆಯ ವರ್ಷದಲ್ಲಿ ಅವುಗಳಲ್ಲಿ ಎರಡನ್ನು ಆಜೀವಿಕರಿಗೆ ಕೊಟ್ಟದ್ದಾಗಿ ಬರೆಸಿದ. ಪಕ್ಕದ ನಾಗಾರ್ಜುನಿ ಬೆಟ್ಟದ ಮೂರನ್ನು ಅವನ ಮೊಮ್ಮಗ ದಶರಥ ಕೊಟ್ಟ. ಆಮೇಲೆ ಯಾರೋ ಕೆಲವು ಶಾಸನಗಳಲ್ಲಿ 'ಆಜೀವಿಕ' ಎಂಬ ಹೆಸರನ್ನಷ್ಟೇ ಉಳಿಯಿಂದ ಕೊಚ್ಚಿ ಅಳಿಸಲು ನೋಡಿದ್ದಾರೆ.

ಆ ಪುಸ್ತಕದಲ್ಲಿ ನನ್ನನ್ನು ಬೆಚ್ಚಿಸಿದ ಸಂಗತಿ ಇನ್ನೊಂದಿದೆ. ಉತ್ತರದಲ್ಲಿ ಮರೆಯಾದ ಈ ಪಂಥ ಹದಿನಾಲ್ಕನೆಯ ಶತಮಾನದವರೆಗೆ ಉಳಿದದ್ದು ತಮಿಳುನಾಡಿನ ಕೆಲವೆಡೆ ಮತ್ತು ನಮ್ಮ ಕೋಲಾರದ ಸುತ್ತಿನಲ್ಲಿ! ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ನಮ್ಮ ಜಿಲ್ಲೆಯದು. ಇಂಥ ಸಂಪುಟಗಳ ಶಾಸನಗಳಲ್ಲಿ, ಹಳ್ಳಿಗಳ ತೆರಿಗೆ ಪಟ್ಟಿಯ ನಡುವೆ, ಆಜೀವಿಕರ ಮೇಲೆ ಹೇರಿದ ಕಾಸಿನ ಉಲ್ಲೇಖಗಳನ್ನು ಬಾಷಂ ಹೆಕ್ಕಿದರು. ಅವರ ಮಂತ್ರ ಹೋಯಿತು, ಗ್ರಂಥ ಹೋಯಿತು, ಅವರಿಂದ ವಸೂಲು ಮಾಡಿದ್ದರ ಲೆಕ್ಕ ಮಾತ್ರ ಉಳಿಯಿತು. ಲಂಡನ್ನಿನಲ್ಲಿ ಕೂತ ಒಬ್ಬರು ನನ್ನ ಬಸ್ಸು ಹಾದುಹೋಗುವ ಹಳ್ಳಿಗಳಲ್ಲಿ ಮಾತಿಲ್ಲದವರ ಗುರುತು ಹಿಡಿದಿದ್ದರು. ಮೂವತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದ ನನಗೆ ಗೊತ್ತಿರಲಿಲ್ಲ.

ಬರೆದಿಡದವರ ಬಗ್ಗೆ ಬರೆಯುವುದು ಹೇಗೆ ಎಂಬ ವಿದ್ಯೆಯನ್ನು ತಮ್ಮ ಮೊದಲ ಪುಸ್ತಕದಲ್ಲೇ ಕೈವಶ ಮಾಡಿಕೊಂಡಿದ್ದ ಬಾಷಂ, ಎರಡನೆಯ ದೊಡ್ಡ ಪುಸ್ತಕದ ಸಮಾಜದ ಅಧ್ಯಾಯಕ್ಕೆ ಅದನ್ನು ಅಷ್ಟು ಕಟ್ಟುನಿಟ್ಟಾಗಿ ಬಳಸಲಿಲ್ಲ. ಇದು ನನ್ನ ಮುಖ್ಯ ಆಕ್ಷೇಪ. ಧರ್ಮಶಾಸ್ತ್ರ ಬರೆದವರ ಮಾತನ್ನು, ಗೋಸಾಲನ ವಿರೋಧಿಗಳ ಮಾತನ್ನು ತೂಗಿದ ತಕ್ಕಡಿಯಲ್ಲೇ ತೂಗಬೇಕಿತ್ತು.

ಆದರೆ ಆ ಕೆಲಸ ಅವರ ಕೋಣೆಯಲ್ಲೇ ನಡೆಯಿತು, ಬೇರೆ ಕೈಗಳಿಂದ. ಬಿಹಾರದಿಂದ ಲಂಡನ್ನಿಗೆ ಹೋದ ಆರ್.ಎಸ್. ಶರ್ಮ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದರು. 1958ರಲ್ಲಿ ಬಂದ ಅವರ ಪುಸ್ತಕದ ವಿಷಯ ಪ್ರಾಚೀನ ಭಾರತದ ಶೂದ್ರರು. ಗುರುಗಳ ಒಟ್ಟು ಮೊತ್ತಕ್ಕೆ ಶಿಷ್ಯ ಸಾಲುಸಾಲಾಗಿ ಲೆಕ್ಕ ಕೇಳಿದಂತಿದೆ ಅದು. ರೊಮಿಲಾ ಥಾಪರ್ ಅವರೂ ಬಾಷಂ ಬಳಿಯೇ ಅಶೋಕನ ಮೇಲೆ ಕೆಲಸ ಮಾಡಿ, ಅವನನ್ನು ಸಂತನ ಪೀಠದಿಂದ ಇಳಿಸಿ ರಾಜಕಾರಣ ಬಲ್ಲ ಅರಸನನ್ನಾಗಿ ನಮ್ಮ ಮುಂದೆ ನಿಲ್ಲಿಸಿದರು. ತಮಗಿಂತ ಬೇರೆ ದಾರಿ ಹಿಡಿಯುವ ಶಿಷ್ಯರಿಗೆ ಅಡ್ಡ ಬರದ ಗುರುಗಳು ಎಷ್ಟು ಜನ? "ಕೂತ್ಕೊಳಮ್ಮ" ಎಂದು ನಾನು ಹೇಳಿದ್ದನ್ನು ಬಾಷಂ ಹೇಳಲಿಲ್ಲ. ಅವರ ಬದುಕಿನಲ್ಲಿ ನಾನು ತಲೆಬಾಗುವುದು ಇದಕ್ಕೆ. ಪುಸ್ತಕಗಳ ಮಾತು ಆಮೇಲೆ.

ಆ ಹುಡುಗಿ ಒಂಬತ್ತನೆಯ ತರಗತಿ ಮುಗಿಸಿ ಬರುವುದು ನಿಲ್ಲಿಸಿದಳು. ವಿಚಾರಿಸಲು ಕೇರಿಗೆ ಹೋದೆ. ಸೋದರಮಾವನಿಗೆ ಗೊತ್ತು ಮಾಡಿದ್ದರು. ಅವರಪ್ಪ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, "ಏನ್ ಮಾಡೋಕಾಯ್ತದೆ ಮಿಸ್ಸು, ಅವಳ ಹಣೇಲಿ ಬರ್ದಿದ್ದು ಅಷ್ಟೇ" ಎಂದರು. ಗೋಸಾಲ ಸತ್ತು ಎರಡೂವರೆ ಸಾವಿರ ವರ್ಷವಾದರೂ ಅವನ ನೂಲಿನ ಉಂಡೆ ನಮ್ಮ ಜಗಲಿಯಲ್ಲಿ ಬಿಚ್ಚಿಕೊಳ್ಳುತ್ತಲೇ ಇದೆ. ಬಹಳ ಹೊತ್ತು ಮಾತಾಡಿದೆ, ಗೆಲ್ಲಲಿಲ್ಲ. ಅವಳು ಒಳಗಿನಿಂದ ನೀರು ತಂದುಕೊಟ್ಟಳು. ನಾನು ಕುಡಿದೆ. ಪ್ರಶ್ನೆಗೆ ಉತ್ತರ ಅಲ್ಲೇ ಕೊಡಬಹುದಿತ್ತು, ಬಾಯಿ ಬರಲಿಲ್ಲ.

ಈಗ ಆ ಪಾಠ ಶುರುಮಾಡುವುದೇ ಅವಳ ಪ್ರಶ್ನೆಯಿಂದ. ಬಾಷಂ ಅವರ ಹೊಗಳಿಕೆಯನ್ನೂ ಹೇಳುತ್ತೇನೆ, ಮರದ ತುಂಡಿನ ಸದ್ದನ್ನೂ ಹೇಳುತ್ತೇನೆ. ಮಕ್ಕಳ ಬೆನ್ನು ಹಿಂದಿನಂತೆ ನೆಟ್ಟಗಾಗುವುದಿಲ್ಲ, ಆದರೆ ಕೈಗಳು ಹೆಚ್ಚು ಮೇಲೇಳುತ್ತವೆ. ಎಲ್ಲಕ್ಕೂ ಉತ್ತರ ನನ್ನಲ್ಲಿಲ್ಲ.

ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದೆ. ಕಾಶಿಗೆ ಹೋಗಿ ಬಾ ಎಂದು ಮನೆಯವರು ಈಗಲೇ ಹೇಳುತ್ತಿದ್ದಾರೆ. ಹೋಗುತ್ತೇನೆ. ಅಲ್ಲಿಂದ ಗಯಾ ದೂರವಲ್ಲ. ಗಯೆಯಿಂದ ಬರಾಬರ್ ಬೆಟ್ಟಕ್ಕೆ ಹೋಗಿ, ಆ ನುಣುಪು ಕಲ್ಲಿನ ಮೇಲೆ ಉಳಿ ಬಿದ್ದ ಜಾಗವನ್ನು ಒಮ್ಮೆ ಮುಟ್ಟಿ ನೋಡಬೇಕು.